ಮಗಳಿಗೆ ತುರ್ತು ನಂಬರ್ 112 ಬಾಯಿಪಾಠ ಬರುತ್ತದೆ, ಆದರೆ ಫೋನ್ ಮಾಡಲಿಲ್ಲ. ನೀವು ಮಕ್ಕಳಿಗೆ ಹೇಗೆ ಕಲಿಸಿದ್ದೀರಿ?

ಸೀಗೆಕಾಯಿ
ಹೋದ ಗುರುವಾರ ನಡೆದದ್ದು. ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ.

ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಶಾಲೆಯಿಂದ ಬಂದ ಮೇಲೆ ನಾನು ಆಫೀಸಿನಿಂದ ಬರುವ ತನಕ ಮನೆಯಲ್ಲಿ ಅವಳು ಮತ್ತು ನನ್ನ ಅತ್ತೆ ಇಬ್ಬರೇ. ಅತ್ತೆಗೆ ಶುಗರ್ ಇದೆ. ಗುರುವಾರ ರಾಯರ ವಾರ ಎಂದು ಒಪ್ಪೊತ್ತು ಮಾಡುತ್ತಾರೆ. ಅವತ್ತು ಊಟ ಬಿಟ್ಟಿದ್ದಾರೆ, ಮಾತ್ರೆ ಮಾತ್ರ ತಪ್ಪದೆ ನುಂಗಿದ್ದಾರೆ. ನಾಲ್ಕು ಗಂಟೆ ಹೊತ್ತಿಗೆ ಮೈಯೆಲ್ಲ ಬೆವತು ಸೋಫಾ ಮೇಲೆ ಒರಗಿದವರು ಕರೆದರೆ ಓಗೊಡಲಿಲ್ಲ.

ನಾನು ಬಂದದ್ದು ಐದಕ್ಕೆ ಸ್ವಲ್ಪ ಮುಂಚೆ. ಮಗಳು ಅಜ್ಜಿಯ ಪಕ್ಕ ಕೂತು ನೋಟ್ ಬುಕ್ಕಿನಲ್ಲಿ ಗಾಳಿ ಬೀಸುತ್ತಿದ್ದಳು. ಅಳುತ್ತಲೂ ಇರಲಿಲ್ಲ. ಮುಕ್ಕಾಲು ಗಂಟೆ ಹಾಗೇ ಬೀಸಿದ್ದಾಳೆ. ದೇವರ ದಯೆ, ಅತ್ತೆ ಈಗ ಚೆನ್ನಾಗಿದ್ದಾರೆ.

ಯಾಕೆ ಯಾರಿಗೂ ಫೋನ್ ಮಾಡಲಿಲ್ಲ ಎಂದು ರಾತ್ರಿ ಮೆಲ್ಲಗೆ ಕೇಳಿದೆ. "ಅಜ್ಜಿ ಫೋನ್ ಮುಟ್ಟಬೇಡ ಅಂತ ನೀನೇ ಹೇಳಿದ್ದೀಯಲ್ಲಮ್ಮಾ" ಅಂದಳು. ಪಕ್ಕದ ಮನೆ ಆಂಟಿಯನ್ನಾದರೂ ಕರೆಯಬಹುದಿತ್ತಲ್ಲ? "ನೀನಿಲ್ಲದಾಗ ಬಾಗಿಲು ತೆಗೀಬೇಡ ಅಂತಾನೂ ಹೇಳಿದ್ದೀಯ."

ಇವಳಿಗೆ 112 ಗೊತ್ತಿಲ್ಲ ಎಂದಲ್ಲ. ಪರಿಸರ ಅಧ್ಯಯನದ ಪರೀಕ್ಷೆಯಲ್ಲಿ ಬರೆದು ಎರಡಕ್ಕೆ ಎರಡು ಅಂಕ ತೆಗೆದಿದ್ದಾಳೆ. ನೀವೆಲ್ಲ ಮಕ್ಕಳಿಗೆ ಇದನ್ನು ಹೇಗೆ ಕಲಿಸಿದ್ದೀರಿ? ಯಾವ ವಯಸ್ಸಿಗೆ?

ಕೊಂಕು ಮಾತು
ತಪ್ಪು ತಿಳಿಯಬೇಡಿ, ಮಗು ನೀವು ಹೇಳಿದ್ದನ್ನೇ ಮಾಡಿದೆ. ಮೊದಲು ಕಲಿಯಬೇಕಾದವರು ಯಾರು?

ಸೀಗೆಕಾಯಿ
@ಕೊಂಕು ಮಾತು, ನಾಲ್ಕು ದಿನದಿಂದ ನಾನೂ ನನಗೆ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ನೀವೂ ಹೇಳಿ ಪರವಾಗಿಲ್ಲ.

ಎರಡನೇ ಕ್ಲಾಸ್ ಮೇಷ್ಟ್ರು
ಹದಿನೆಂಟು ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ನಂಬರ್ ಕೇಳಿದರೆ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಾರೆ. 100 ಪೊಲೀಸ್, 101 ಬೆಂಕಿ, 108 ಆಂಬುಲೆನ್ಸ್. ನಿಮ್ಮ ಮನೆ ಎಲ್ಲಿ ಎಂದು ಕೇಳಿ ನೋಡಿ. "ಅಜ್ಜಿ ಮನೆ ಪಕ್ಕ." ಅಜ್ಜಿ ಮನೆ ಎಲ್ಲಿ? "ನಮ್ಮನೆ ಪಕ್ಕ."

ಅಪ್ಪನ ಹೆಸರು ಕೇಳಿದರೆ "ಅಪ್ಪ". ಅಮ್ಮನ ಹೆಸರು? ಒಬ್ಬ ಹುಡುಗ "ರೀ" ಅಂದಿದ್ದ. ಅವನ ಅಪ್ಪ ಕರೆಯುವುದು ಹಾಗೇ ಅಲ್ವಾ.

ಅದಕ್ಕೆ ನಾನು ನಂಬರಿಗಿಂತ ಮೊದಲು ಮೂರು ವಿಷಯ ಕಲಿಸುತ್ತೇನೆ: ಅಪ್ಪ ಅಮ್ಮನ ಪೂರ್ತಿ ಹೆಸರು, ಊರು ಬೀದಿ, ಮನೆಗೊಂದು ಗುರುತು. ಗುರುತು ಎಂದರೆ ಊರಿಗೆಲ್ಲ ಗೊತ್ತಿರುವುದು. ಹಾಲಿನ ಡೈರಿ, ನೀರಿನ ಟ್ಯಾಂಕು, ಮಾರಮ್ಮನ ಗುಡಿ. "ಕೆಂಪು ಕಾರು ನಿಂತಿರುತ್ತದೆ" ಎಂದ ಹುಡುಗಿಗೆ, ಕಾರು ಕೆಲಸಕ್ಕೆ ಹೋದಾಗ ಏನಮ್ಮಾ ಮಾಡುತ್ತೀ ಎಂದು ಕೇಳಿದೆ. ಒಂದು ದಿನವೆಲ್ಲ ಯೋಚಿಸಿ ಮಾರನೇ ದಿನ ಬಂದು "ನುಗ್ಗೆ ಮರ ಸಾರ್" ಅಂದಳು.

ಆಮೇಲೆ ಆಟ. ನಾನೇ ಆಪರೇಟರ್, ಕೈಯಲ್ಲಿ ಡಸ್ಟರ್ ಫೋನು. ಒಬ್ಬರು ಕೆಳಗೆ ಬೀಳಬೇಕು, ಒಬ್ಬರು ಫೋನ್ ಮಾಡಬೇಕು. ಬೀಳುವ ಪಾತ್ರಕ್ಕೇ ಜಗಳ ಜಾಸ್ತಿ.

ದಡ್ಡ ಶಿಖಾಮಣಿ
"ರೀ" 😂😂 ಮೇಷ್ಟ್ರೇ ನಗಿಸಿಬಿಟ್ಟಿರಿ.

ಪೆನ್ಷನ್ ತಾತ
ಲ್ಯಾಂಡ್‌ಲೈನ್ ಕಾಲದಲ್ಲಿ ಈ ತೊಂದರೆಯೇ ಇರಲಿಲ್ಲ. ಫೋನು ಹಜಾರದಲ್ಲಿ ಒಂದೇ ಕಡೆ ಇರುತ್ತಿತ್ತು. ಬೀಗವಿಲ್ಲ, ಪಾಸ್‌ವರ್ಡ್ ಇಲ್ಲ, ಚಾರ್ಜ್ ಮುಗಿಯುವ ಮಾತೇ ಇಲ್ಲ. ಪಕ್ಕದಲ್ಲಿ ಡೈರಿ, ಅದರಲ್ಲಿ ಎಲ್ಲರ ನಂಬರು. ನನ್ನ ಮಕ್ಕಳಿಗೆ ಐದು ವರ್ಷಕ್ಕೇ ನನ್ನ ಬ್ಯಾಂಕಿನ ನಂಬರ್ ಬಾಯಿಗೆ ಬರುತ್ತಿತ್ತು.

ಟ್ಯಾನರಿ ರೋಡ್ ಟೈಲರ್
ತಾತ, ಬೀಗ ಇರಲಿಲ್ಲ ಎಂದು ಹೇಳಬೇಡಿ. ನಮ್ಮ ಓನರ್ ಮನೆಯಲ್ಲಿ ಡಯಲಿನ ತೂತಿಗೆ ಪುಟಾಣಿ ಬೀಗ ಜಡಿದಿದ್ದರು. ಬಿಲ್ ಬರುತ್ತದೆ ಎಂದು.

ಪೆನ್ಷನ್ ತಾತ
ಅದೂ ನಿಜ. ನಮ್ಮ ಮನೆಯಲ್ಲೂ ಇತ್ತು. ಮರೆತಿದ್ದೆ.

ಮೈಕ್ರೋ ಮಂಜಿ
ಈಗಿನ ಮಕ್ಕಳ ವಿಷಯ ಕೇಳಿ. ನನ್ನ ಮಗನಿಗೆ ನನ್ನ ಯುಪಿಐ ಪಿನ್ ಗೊತ್ತು, ವೈಫೈ ಪಾಸ್‌ವರ್ಡ್ ಗೊತ್ತು. ನನ್ನ ಮೊಬೈಲ್ ನಂಬರ್ ಗೊತ್ತಿಲ್ಲ. "ಅದರಲ್ಲಿ ಅಮ್ಮ ಅಂತ ಇರುತ್ತಲ್ಲ" ಅನ್ನುತ್ತಾನೆ. ಬೇರೆಯವರ ಫೋನಿನಲ್ಲಿ ಅಮ್ಮ ಎಂದು ಒತ್ತಿದರೆ ಅವರ ಅಮ್ಮ ಎತ್ತುತ್ತಾರೆ ಮಾರಾಯ.

ಹೆಡ್‌ಸೆಟ್ ಹಳಬ
ಕೆಲವು ವರ್ಷ ತುರ್ತು ಕರೆ ತೆಗೆಯುವ ಕೆಲಸ ಮಾಡಿದ್ದೇನೆ. ಎಲ್ಲಿ ಎಂದು ಹೇಳುವುದಿಲ್ಲ. ಇಲ್ಲಿ ಎಲ್ಲರೂ ನಂಬರ್, ನಂಬರ್ ಎನ್ನುತ್ತಿದ್ದೀರಿ. ಮೇಷ್ಟ್ರು ಹೇಳಿದ್ದೇ ಸರಿ. ಕರೆ ತೆಗೆದವರಿಗೆ ಮೊದಲು ಬೇಕಾದದ್ದು ಜಾಗ. ಏನಾಯಿತು ಎಂಬುದು ಆಮೇಲೆ. ಕರೆ ನಡುವೆ ಕಟ್ಟಾದರೂ ಜಾಗ ಗೊತ್ತಿದ್ದರೆ ಗಾಡಿ ಹೊರಡುತ್ತದೆ.

ನಿಜ ಹೇಳಲಾ? ದೊಡ್ಡವರಿಗಿಂತ ಮಕ್ಕಳ ಕರೆಯೇ ಸುಲಭ. ದೊಡ್ಡವರು "ಬೇಗ ಬನ್ನಿ, ಬೇಗ ಬನ್ನಿ" ಎಂದು ಕಿರುಚುತ್ತಾರೆ, ಎಲ್ಲಿಗೆ ಎಂದರೆ "ಇಲ್ಲಿಗೇ ಸ್ವಾಮಿ" ಅನ್ನುತ್ತಾರೆ. ಮಗು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಅಜ್ಜ ಉಸಿರಾಡುತ್ತಿದ್ದಾರಾ ಎಂದರೆ ಹೋಗಿ ನೋಡಿ ಬಂದು "ಹೊಟ್ಟೆ ಮೇಲೆ ಕೆಳಗೆ ಆಗ್ತಿದೆ" ಎಂದು ಹೇಳುತ್ತದೆ. ಅದಕ್ಕಿಂತ ಒಳ್ಳೆ ಉತ್ತರ ಇನ್ನೇನು ಬೇಕು?

ಮಕ್ಕಳು ತಪ್ಪುವುದು ಒಂದೇ ಕಡೆ. ಹೇಳಬೇಕಾದ್ದು ಹೇಳಿದ ಕೂಡಲೇ ಫೋನ್ ಇಟ್ಟುಬಿಡುತ್ತಾರೆ. "ಇಡು ಅನ್ನುವ ತನಕ ಇಡಬೇಡ" ಎಂದು ಕಲಿಸಿ. ಹಾಗೇ, ಕರೆ ಮುಗಿದ ಮೇಲೆ ಅದೇ ಫೋನಿನಲ್ಲಿ ಚಿಕ್ಕಪ್ಪ, ದೊಡ್ಡಪ್ಪ ಎಂದು ಎಲ್ಲರಿಗೂ ಹೊಡೆಯುತ್ತಾ ಕೂರಬಾರದು. ದಾರಿ ತಪ್ಪಿದ ಗಾಡಿಯವರು ವಾಪಸ್ ಫೋನ್ ಮಾಡುತ್ತಾರೆ, ಆಗ ಲೈನ್ ಬಿಜಿ ಇರುತ್ತದೆ. ಇದನ್ನು ದೊಡ್ಡವರೂ ಓದಿಕೊಳ್ಳಿ.

ಕೊಂಕು ಮಾತು
ಸರಿ, ಯಾವ ನಂಬರ್ ಕಲಿಸಬೇಕು ಎಂದು ಯಾರಾದರೂ ಒಬ್ಬರು ಹೇಳಿ. 100, 101, 102, 108, 112, 1098, 181, 1091, 1930, 1906. ಮಗು ಹೇಳುತ್ತದೋ ಲಾಟರಿ ಟಿಕೆಟ್ ಓದುತ್ತದೋ ಗೊತ್ತಾಗುವುದಿಲ್ಲ.

ಹೆಡ್‌ಸೆಟ್ ಹಳಬ
112. ಪೊಲೀಸ್, ಬೆಂಕಿ, ಆಂಬುಲೆನ್ಸ್ ಮೂರಕ್ಕೂ ಒಂದೇ. 2018ರಲ್ಲಿ ಹಿಮಾಚಲದಲ್ಲಿ ಮೊದಲು ಶುರುವಾಯಿತು, ಆಮೇಲೆ ಒಂದೊಂದೇ ರಾಜ್ಯಕ್ಕೆ ಬಂತು. ಹಳೇ ನಂಬರುಗಳನ್ನು ಮಗುವಿನ ತಲೆಗೆ ತುಂಬಬೇಡಿ.

ಕೆಂಡಸಂಪಿಗೆ
ಒಪ್ಪುವುದಿಲ್ಲ. ನಮ್ಮ ಕಡೆ ಹಳ್ಳಿ ಹಳ್ಳಿಗೂ ಗೊತ್ತಿರುವುದು 108. 2008ರ ರಾಜ್ಯೋತ್ಸವದ ದಿನ ಆರೋಗ್ಯ ಕವಚ ಶುರುವಾದಾಗಿನಿಂದ ನೋಡುತ್ತಿದ್ದೇವೆ. ಆಂಬುಲೆನ್ಸಿಗೆ ಹೆಸರೇ "ನೂರೆಂಟು" ಎಂದಾಗಿದೆ. "ನೂರೆಂಟು ಬಂತು" ಎಂದರೆ ಅಜ್ಜಿಯೂ ಎದ್ದು ದಾರಿ ಬಿಡುತ್ತಾಳೆ. ಗೊತ್ತಿರುವುದನ್ನು ಬಿಡಿಸಿ ಹೊಸದನ್ನು ಯಾಕೆ ಕಲಿಸಬೇಕು?

ಹೆಡ್‌ಸೆಟ್ ಹಳಬ
ಬಿಡಿಸಬೇಡಿ. ಆದರೆ ಏಳು ವರ್ಷದ ಮಗುವಿಗೆ ಇದು ಪೊಲೀಸ್ ಕೆಲಸವೋ ಡಾಕ್ಟರ್ ಕೆಲಸವೋ ಎಂದು ಹೇಗೆ ಗೊತ್ತಾಗಬೇಕು? ಅಪ್ಪ ಮೆಟ್ಟಿಲ ಮೇಲಿಂದ ಬಿದ್ದ, ಬಾಗಿಲು ಒಳಗಿನಿಂದ ಚಿಲಕ ಹಾಕಿದೆ. ಇದು ಯಾರ ಕೆಲಸ? ಒಂದೇ ನಂಬರ್ ಇದ್ದರೆ ಆ ಯೋಚನೆ ನಮ್ಮದು, ಮಗುವಿನದಲ್ಲ.

ಕೆಂಡಸಂಪಿಗೆ
ಹ್ಞೂಂ. ಈ ಚಿಲಕದ ಮಾತು ಒಪ್ಪಿದೆ. ಆದರೂ ನನ್ನ ಮಗನಿಗೆ ಎರಡೂ ಹೇಳಿಕೊಡುತ್ತೇನೆ.

ಬಿಸಿಲು ಪಾವಗಡ
ನಮ್ಮ ಕಥೆಯೇ ಬೇರೆ. ಪಾವಗಡದ ಮೂರು ದಿಕ್ಕಿಗೂ ಆಂಧ್ರ. ಯಾವ ಟವರಿಗೆ ಫೋನು ಸಿಗುತ್ತದೋ ಆ ಕಡೆಯವರು ಎತ್ತುತ್ತಾರೆ. ತಂಗಿ ಮಗ ಒಂದು ಸಲ ಹೊಲದಿಂದ ಹೊಡೆದರೆ ಆ ಕಡೆ ತೆಲುಗು. ಪುಣ್ಯಕ್ಕೆ ನಮ್ಮ ಕಡೆ ಹುಟ್ಟಿದ ಮಗುವಿಗೆ ಎರಡು ಭಾಷೆಯೂ ಬರುತ್ತದೆ. ಅವನು ಹೇಳಬೇಕಾದ ಮೊದಲ ಮಾತು "ನಾನು ಕರ್ನಾಟಕ, ತುಮಕೂರು ಜಿಲ್ಲೆ" ಎಂದು. ಗಡಿ ಊರಿನವರು ಜಿಲ್ಲೆಯ ಹೆಸರನ್ನೂ ಕಲಿಸಿ.

ಕಡಲೆಕಾಯಿ ಪರಿಷೆ
ಲಾಕ್ ಆದ ಫೋನಿನ ಬಗ್ಗೆ ಯಾರೂ ಹೇಳಲಿಲ್ಲ. ಪ್ಯಾಟರ್ನ್ ಗೊತ್ತಿಲ್ಲದಿದ್ದರೂ ಲಾಕ್ ಪರದೆಯ ಕೆಳಗೆ "ತುರ್ತು ಕರೆ" ಎಂದು ಇರುತ್ತದೆ. ಅದನ್ನು ಒತ್ತಿ 112 ಹೊಡೆದರೆ ಕರೆ ಹೋಗುತ್ತದೆ. @ಸೀಗೆಕಾಯಿ, ಅಜ್ಜಿ ಫೋನ್ ಲಾಕ್ ಇದ್ದರೂ ಮಗಳು ಫೋನ್ ಮಾಡಬಹುದಿತ್ತು. ಇನ್ನೊಂದು, 2017ರಿಂದ ನಮ್ಮ ದೇಶದಲ್ಲಿ ಮಾರುವ ಎಲ್ಲ ಮೊಬೈಲಿನಲ್ಲೂ ಪ್ಯಾನಿಕ್ ಬಟನ್ ಇರಬೇಕು ಎಂದು ನಿಯಮ ಇದೆ. ಸ್ಮಾರ್ಟ್‌ಫೋನಿನಲ್ಲಿ ಪವರ್ ಬಟನ್ ಮೂರು ಸಲ ಬೇಗ ಬೇಗ ಒತ್ತಬೇಕು. ಬಟನ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯಬೇಕು.

ದಡ್ಡ ಶಿಖಾಮಣಿ
ಮೂರು ಸಲ ಅಲ್ಲ, ನನ್ನದರಲ್ಲಿ ಐದು ಸಲ. ಈಗಷ್ಟೇ ಒತ್ತಿ ನೋಡಿದೆ. ಸೈರನ್ ತರಹ ಕೂಗುತ್ತಾ 5, 4, 3 ಎಂದು ಎಣಿಸತೊಡಗಿತು. ಗಾಬರಿಯಲ್ಲಿ ಫೋನ್ ಎಸೆದೆ. ಮಂಚದ ಕೆಳಗೆ ಹೋಗಿ ಕೂಗುತ್ತಿತ್ತು.

ಹೆಡ್‌ಸೆಟ್ ಹಳಬ
ಅದಕ್ಕೇ ದಯವಿಟ್ಟು ಸುಮ್ನೆ ಒತ್ತಿ ನೋಡಬೇಡಿ. ಸೆಟ್ಟಿಂಗಿನಲ್ಲಿ "ತುರ್ತು" ಎಂದು ಹುಡುಕಿ ಓದಿಕೊಳ್ಳಿ. ಅಕಸ್ಮಾತ್ ಕರೆ ಹೋದರೆ ಹೆದರಿ ಕಟ್ ಮಾಡಬೇಡಿ. "ತಪ್ಪಾಗಿ ಬಂತು, ಎಲ್ಲ ಸರಿ ಇದ್ದೇವೆ" ಎಂದು ಹೇಳಿ ಇಡಿ. ಮಾತಿಲ್ಲದೆ ಕಟ್ಟಾದರೆ ಏನಾಯಿತೋ ಎಂದು ವಾಪಸ್ ಹೊಡೆಯಬೇಕಾಗುತ್ತದೆ.

ಮೈಕ್ರೋ ಮಂಜಿ
@ದಡ್ಡ ಶಿಖಾಮಣಿ, ನಿಮ್ಮ ಹೆಸರು ನೀವೇ ಇಟ್ಟುಕೊಂಡದ್ದಾ? 😄

ಮಲೆನಾಡ ಜಿಗಣೆ
ಟವರ್ ಇರುವವರ ಮಾತು ಕೇಳಿ ಹೊಟ್ಟೆ ಉರಿಯುತ್ತಿದೆ. ನಮ್ಮದು ಹೊಸನಗರ ಕಡೆ, ಒಂಟಿ ಮನೆ. ಪಕ್ಕದ ಮನೆಗೆ ಒಂದು ಗದ್ದೆ ಬಯಲು, ಒಂದು ಹಳ್ಳ ದಾಟಬೇಕು. ಮಳೆಗಾಲದಲ್ಲಿ ಕರೆಂಟು ಹೋಯಿತೆಂದರೆ ಟವರೂ ಹೋಯಿತು.

ನಾವು ಚಿಕ್ಕವರಿದ್ದಾಗ ಅಪ್ಪ ಕಲಿಸಿದ್ದು ಕೂ ಹಾಕುವುದು. ಸುಮ್ಮನೆ ಕೂಗುವುದಲ್ಲ. ಊಟಕ್ಕೆ ಕರೆಯುವ ಕೂ ಬೇರೆ, ದನ ಬಂತು ಎನ್ನುವ ಕೂ ಬೇರೆ. ಅಪಾಯ ಎಂದರೆ ಉಸಿರು ಬಿಡದೆ ಮೂರು ಸಲ, ನಿಲ್ಲಿಸಿ ಮತ್ತೆ ಮೂರು ಸಲ. ಆ ಕಡೆಯಿಂದ ವಾಪಸ್ ಕೂ ಬರುವ ತನಕ ಬಿಡಬಾರದು. ಅಮ್ಮನಿಗೆ ಹಾವು ಕಚ್ಚಿದಾಗ ಅಣ್ಣ ಹಾಕಿದ ಕೂಗಿಗೆ ಹತ್ತು ನಿಮಿಷದಲ್ಲಿ ಮೂರು ಮನೆಯವರು ಬಂದಿದ್ದರು. ಕಂಬಳಿಯಲ್ಲಿ ಹೊತ್ತು ರಸ್ತೆಗೆ ತಂದರು. ಅಮ್ಮ ಉಳಿದರು.

ಈಗ ನನ್ನ ಮಕ್ಕಳಿಗೆ ಎರಡೂ ಕಲಿಸಿದ್ದೇನೆ. ದೇವರ ಮನೆ ಜಾಗಟೆ ಎಲ್ಲಿದೆ, ಹೇಗೆ ಬಾರಿಸಬೇಕು ಎಂಬುದು ಒಂದು. ಸಿಗ್ನಲ್ ಸಿಗುವ ದಿಬ್ಬ ಯಾವುದು ಎಂಬುದು ಇನ್ನೊಂದು. ಮಗಳು ಅಲ್ಲಿ ಕಲ್ಲಿನ ಮೇಲೆ ಸುಣ್ಣದಲ್ಲಿ ಗುರುತು ಹಾಕಿದ್ದಾಳೆ. ಆ ಕಲ್ಲಿನ ಮೇಲೆ ನಿಂತರೆ ಎರಡು ಕಡ್ಡಿ, ಇಳಿದರೆ ಸೊನ್ನೆ.

ಕೆಂಡಸಂಪಿಗೆ
ಹಾವು ಕಚ್ಚಿದಾಗ ಬಿಗಿಯಾಗಿ ಕಟ್ಟಿದ್ದರಾ? ನಮ್ಮಲ್ಲಿ ಮೊದಲು ಕಟ್ಟುತ್ತಾರೆ.

ನರ್ಸಮ್ಮ
ಕಟ್ಟಬಾರದು, ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಕಚ್ಚಿದ ಕೈಯೋ ಕಾಲೋ ಅಲ್ಲಾಡದ ಹಾಗೆ ಇಟ್ಟು ಆಸ್ಪತ್ರೆಗೆ ಹೊರಡಬೇಕು. ಜಿಗಣೆಯವರ ಊರಿನವರು ನಡೆಸದೆ ಹೊತ್ತು ತಂದದ್ದು ತುಂಬಾ ಸರಿ. ಮಕ್ಕಳಿಗೆ ಹೇಳಬೇಕಾದ್ದು ಇನ್ನೊಂದಿದೆ. ಹಾವನ್ನು ಹಿಡಿಯಲು, ಹೊಡೆಯಲು ಹೋಗಬಾರದು. "ಯಾವ ಹಾವು ಎಂದು ಡಾಕ್ಟರಿಗೆ ತೋರಿಸಲು" ಸತ್ತ ಹಾವನ್ನು ಚೀಲದಲ್ಲಿ ತಂದ ಹುಡುಗರನ್ನು ನೋಡಿದ್ದೇನೆ. ನಮ್ಮ ಕಡೆ ಕೊಡುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ.

@ಸೀಗೆಕಾಯಿ, ಈಗ ನಿಮ್ಮ ಮಗಳಿಗೆ. ಅಜ್ಜಿಗೆ ಬೆವರು, ನಡುಕ, ಮಾತು ತೊದಲು ಎಂದಾದರೆ, ಎಚ್ಚರ ಇದ್ದಾಗಲೇ ಸಕ್ಕರೆ ಕೊಡಬೇಕು. ನೀರಿಗೆ ಮೂರು ನಾಲ್ಕು ಚಮಚ ಹಾಕಿ ಕುಡಿಸಬಹುದು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬಾರದು. ನೀರೂ ಬೇಡ, ಗಂಗಾಜಲವೂ ಬೇಡ. ಉಸಿರಿನ ದಾರಿಗೆ ಹೋಗುತ್ತದೆ. ಒಂದು ಮಗ್ಗುಲಿಗೆ ಹೊರಳಿಸಿ 112 ಒತ್ತಬೇಕು. ಆಮೇಲೆ ಬಾಗಿಲು ತೆಗೆದಿಡಬೇಕು. ಕತ್ತಲಾಗಿದ್ದರೆ ಹೊರಗಿನ ಲೈಟ್ ಹಾಕಬೇಕು. ನಾಯಿ ಇದ್ದರೆ ಕಟ್ಟಬೇಕು. ನಗಬೇಡಿ, ಸ್ಟ್ರೆಚರ್ ಹಿಡಿದು ಗೇಟಿನ ಹೊರಗೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ಒಳಗೆ ರೋಗಿ, ನಡುವೆ ನಾಯಿ.

ಫಿಟ್ಸ್ ಬಂದವರ ಕೈಗೆ ಕಬ್ಬಿಣದ ಕೀಲಿ ಕೊಡುವುದನ್ನು ಅಜ್ಜಿಯರು ಮಕ್ಕಳಿಗೆ ಕಲಿಸಿರುತ್ತಾರೆ. ಅದರಿಂದ ಏನೂ ಆಗುವುದಿಲ್ಲ, ಸಮಯ ಹಾಳು.

ಎರೆ ಭೂಮಿ
ಗದಗ ಕಡೆಯವ ನಾನು. ನಮ್ಮಲ್ಲಿ ಹೆದರಿಕೆ ಹಾವಿನದ್ದಲ್ಲ, ಕೃಷಿ ಹೊಂಡದ್ದು. 2014ರಿಂದ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಹೊಲ ಹೊಲಕ್ಕೂ ಹೊಂಡ ಆದವು. ಬೆಳೆಗೆ ಅನುಕೂಲ ಆಯಿತು, ಸುಳ್ಳಲ್ಲ. ಆದರೆ ನೀರು ಇಂಗಬಾರದೆಂದು ಕೆಳಗೆ ಪ್ಲಾಸ್ಟಿಕ್ ಹಾಸಿರುತ್ತಾರೆ. ಪಾಚಿ ಕಟ್ಟಿದರೆ ಎಣ್ಣೆ ಸವರಿದ ಹಾಗೆ. ಈಜು ಬರುವವನೂ ಹತ್ತಲಾರ. ಬೇಸಿಗೆ ರಜೆ ಬಂತೆಂದರೆ ಪೇಪರಿನಲ್ಲಿ ಸುದ್ದಿ ತಪ್ಪುವುದಿಲ್ಲ. ಒಬ್ಬ ಹುಡುಗ ಜಾರುತ್ತಾನೆ, ಅವನನ್ನು ಎಳೆಯಲು ಇನ್ನೊಬ್ಬ ಇಳಿಯುತ್ತಾನೆ, ಅವನ ಹಿಂದೆ ಮತ್ತೊಬ್ಬ.

ಹಾಗಾಗಿ ನಮ್ಮ ಹುಡುಗರಿಗೆ ಕಲಿಸುವುದು ಒಂದೇ: ಇಳಿಯಬೇಡ, ಒದರು. ಬಾಯಿ ಮಾಡು. ಹಗ್ಗ, ಬಿದಿರು, ಪಂಚೆ, ಖಾಲಿ ಕ್ಯಾನು, ಏನು ಸಿಗುತ್ತದೋ ಅದನ್ನು ಎಸೆ. ದಂಡೆ ಮೇಲೆ ಮಲಗಿ ಚಾಚು, ನಿಂತು ಚಾಚಬೇಡ. ನಾನು ನನ್ನ ಹೊಂಡಕ್ಕೆ ತಂತಿಬೇಲಿ ಹಾಕಿ, ನಾಲ್ಕು ಮೂಲೆಗೂ ಗಂಟು ಹಾಕಿದ ಹಗ್ಗ ಇಳಿಬಿಟ್ಟಿದ್ದೇನೆ. ಪ್ರತಿ ಗಂಟೂ ಒಂದು ಮೆಟ್ಟಿಲು. ಖರ್ಚು ಏನೂ ಇಲ್ಲ, ಹಳೇ ಎತ್ತಿನ ಹಗ್ಗ.

ಗೆಳೆಯ ಮುಳುಗುವಾಗ ದಂಡೆ ಮೇಲೆ ನಿಂತು ಕೂಗುವುದು ಹುಡುಗರಿಗೆ ಹೇಡಿತನ ಅನಿಸುತ್ತದೆ. ಅದನ್ನು ಬಿಡಿಸುವುದೇ ಕಷ್ಟ.

ಡಲ್ಲಾಸ್ ದೋಸೆ
ಇಲ್ಲಿ ಅಮೆರಿಕದಲ್ಲಿ ಶಿಶುವಿಹಾರದಲ್ಲೇ 911 ಶುರು. ಬೆಂಕಿ ಆರಿಸುವವರು ಗಾಡಿ ಸಮೇತ ಶಾಲೆಗೆ ಬರುತ್ತಾರೆ. ಮುಖವಾಡ, ಸಿಲಿಂಡರ್ ಎಲ್ಲ ಹಾಕಿಕೊಂಡು ತೋರಿಸುತ್ತಾರೆ. ಯಾಕೆಂದರೆ ಹೊಗೆಯಲ್ಲಿ ಆ ವೇಷ ನೋಡಿದ ಮಕ್ಕಳು ಹೆದರಿ ಮಂಚದ ಕೆಳಗೆ ಅಡಗುತ್ತಾರಂತೆ.

ನನ್ನ ಮಗ ಐದು ವರ್ಷದವನಿದ್ದಾಗ ಐಸ್‌ಕ್ರೀಮ್ ಕೊಡಲಿಲ್ಲವೆಂದು 911 ಒತ್ತಿದ್ದ. ಪೊಲೀಸ್ ಬಾಗಿಲಿಗೇ ಬಂದರು. ನಾನು ಪಂಚೆಯಲ್ಲಿ ನಿಂತಿದ್ದೆ, ಕೈಯಲ್ಲಿ ದೋಸೆ ಮಗುಚುವ ಕೈ. ಅವರು ಬೈಯಲಿಲ್ಲ. ಮಗನ ಎದುರು ಮಂಡಿಯೂರಿ ಕೂತು ಯಾವಾಗ ಕರೆಯಬೇಕು ಎಂದು ಹೇಳಿ ಹೋದರು.

ತಮಾಷೆ ಈಗ ಕೇಳಿ. ಹೋದ ಬೇಸಿಗೆಯಲ್ಲಿ ಮೈಸೂರಿಗೆ ಬಂದಿದ್ದೆವು. ಅಮ್ಮ ಬಚ್ಚಲಲ್ಲಿ ಜಾರಿದರು. ಮಗ ಫೋನ್ ಹಿಡಿದು "911 ಒತ್ತಲಾ?" ಎಂದು ನಿಂತ. ಈ ದೇಶದ ನಂಬರ್ ಬೇರೆ ಎಂದು ನಾವು ಹೇಳಿಯೇ ಇರಲಿಲ್ಲ. ರಜೆಗೆ ಊರಿಗೆ ಬರುವವರು ವಿಮಾನದಲ್ಲೇ ಹೇಳಿಕೊಡಿ.

ಕೊಂಕು ಮಾತು
ಅಮೆರಿಕದಲ್ಲಿ ಎಲ್ಲ ಚೆನ್ನಾಗಿದೆ, ಗೊತ್ತಾಯಿತು.

ಡಲ್ಲಾಸ್ ದೋಸೆ
ಎಲ್ಲ ಚೆನ್ನಾಗಿದೆ ಎಂದು ಎಲ್ಲಿ ಹೇಳಿದೆ ಮಾರಾಯರೇ? ಆಂಬುಲೆನ್ಸ್ ಬಿಲ್ ನೋಡಿದರೆ ರೋಗಿ ಎದ್ದು ನಡೆದುಕೊಂಡೇ ಹೋಗುತ್ತಾನೆ. 108 ಕಾಸು ಕೇಳುವುದಿಲ್ಲ, ಅದನ್ನು ನೆನೆಯಿರಿ.

ಟ್ಯಾನರಿ ರೋಡ್ ಟೈಲರ್
ಬಿಲ್ ಮಾತು ಬಂತಲ್ಲ, ಒಂದು ಹೇಳುತ್ತೇನೆ. ರಸ್ತೆಯಲ್ಲಿ ಬಿದ್ದವರಿಗೆ ಸಹಾಯ ಮಾಡಿದರೆ ಪೊಲೀಸ್ ಸ್ಟೇಷನ್, ಕೋರ್ಟು ಎಂದು ಅಲೆಸುತ್ತಾರೆ ಅಂತ ನನ್ನಪ್ಪ ಹೇಳುತ್ತಿದ್ದರು. ನಾನೂ ಮಗನಿಗೆ ಅದನ್ನೇ ಹೇಳಿಬಿಟ್ಟಿದ್ದೆ.

ಕಡಲೆಕಾಯಿ ಪರಿಷೆ
ಆ ಕಾಲ ಹೋಯಿತು ಟೈಲರಣ್ಣ. 2016ರಲ್ಲೇ ಸುಪ್ರೀಂ ಕೋರ್ಟ್ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ ನಿಯಮಗಳನ್ನು ಒಪ್ಪಿತು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಕಾನೂನೇ ಆಯಿತು. ಹೆಸರು ಹೇಳಲೇಬೇಕೆಂದು ಯಾರೂ ಬಲವಂತ ಮಾಡುವ ಹಾಗಿಲ್ಲ. ಮಗನಿಗೆ ಹೇಳಿದ್ದನ್ನು ವಾಪಸ್ ತೆಗೆದುಕೊಳ್ಳಿ.

ಬೆಳ್ಳುಳ್ಳಿ ಒಗ್ಗರಣೆ
ಗ್ಯಾಸ್ ವಾಸನೆ ಬಂದರೆ ಕೂಡಲೇ ಫೋನ್ ಮಾಡು ಎಂದು ಮಗಳಿಗೆ ಹೇಳಿದ್ದೇನೆ. ಫೋನು ಅಡುಗೆಮನೆ ಕಟ್ಟೆ ಮೇಲೇ ಇರುತ್ತದೆ, ಅನುಕೂಲ.

ನರ್ಸಮ್ಮ
ಅಯ್ಯೋ, ಬೇಡ! ಅಡುಗೆಮನೆಯಲ್ಲಿ ನಿಂತು ಫೋನ್ ಒತ್ತಬಾರದು, ಸ್ವಿಚ್ಚೂ ಮುಟ್ಟಬಾರದು. ಆರಿಸಲೂ ಬಾರದು, ಹಾಕಲೂ ಬಾರದು. ಒಂದು ಕಿಡಿ ಸಾಕು. ಮೊದಲು ಮನೆಯಿಂದ ಹೊರಗೆ ಬರಬೇಕು, ಆಮೇಲೆ ಫೋನು. ಸುಲಭವಾಗಿ ಕೈಗೆಟುಕಿದರೆ ರೆಗ್ಯುಲೇಟರ್ ಆರಿಸಿ ಕಿಟಕಿ ಬಾಗಿಲು ತೆಗೆಯುವುದು ದೊಡ್ಡವರ ಕೆಲಸ. ಗ್ಯಾಸ್ ಸೋರಿಕೆಗೆ 1906 ಎಂದು ಬೇರೆ ನಂಬರ್ ಇದೆ. ಮಗುವಿಗೆ "ಹೊರಗೆ ಓಡು, ಆಂಟಿಯನ್ನು ಕರೆ" ಅಷ್ಟೇ ಸಾಕು.

ಬೆಳ್ಳುಳ್ಳಿ ಒಗ್ಗರಣೆ
ನನಗೇ ಗೊತ್ತಿರಲಿಲ್ಲ. ಈಗಲೇ ಮಗಳನ್ನು ಕೂರಿಸಿ ಮತ್ತೆ ಹೇಳುತ್ತೇನೆ.

ಮೌನದ ಅಮ್ಮ
ಇಷ್ಟು ಹೊತ್ತು ಓದುತ್ತಿದ್ದೆ. ನನ್ನ ಮಗನಿಗೆ ಕಿವಿ ಕೇಳಿಸುವುದಿಲ್ಲ, ಮಾತೂ ಇಲ್ಲ. ಹನ್ನೊಂದು ವರ್ಷ. ಕೂ ಹಾಕು, ಫೋನಿನಲ್ಲಿ ಮಾತಾಡು ಎಂದರೆ ಅವನಿಗೆ ಆಗದು. ನಮ್ಮ ಏರ್ಪಾಡು ಹೀಗಿದೆ. ಅಕ್ಕಪಕ್ಕದ ಮೂರು ಮನೆಗೆ ಮೊದಲೇ ಹೇಳಿಟ್ಟಿದ್ದೇವೆ. ಅವನು ಓಡಿ ಬಂದು ಬಾಗಿಲು ಎರಡು ಕೈಯಲ್ಲಿ ಬಡಿದರೆ ಆಟವಲ್ಲ, ಕೂಡಲೇ ಅವನ ಹಿಂದೆ ಹೋಗಬೇಕು. ಅವನ ಕೊರಳಲ್ಲಿ ಒಂದು ಚೀಟಿ: ಹೆಸರು, ವಿಳಾಸ, ನನ್ನ ನಂಬರು, "ನನಗೆ ಕೇಳಿಸುವುದಿಲ್ಲ, ದಯವಿಟ್ಟು 112ಕ್ಕೆ ಕರೆ ಮಾಡಿ". ಫೋನಿನಲ್ಲಿ 112 ಇಂಡಿಯಾ ಆ್ಯಪ್ ಹಾಕಿದ್ದೇವೆ, ಬಟನ್ ಒತ್ತುವುದು ಗೊತ್ತು. ಆದರೆ ನನಗೆ ಧೈರ್ಯ ಆ ಮೂರು ಮನೆಗಳದ್ದೇ.

ಸೀಗೆಕಾಯಿ
@ಮೌನದ ಅಮ್ಮ, ಬಾಗಿಲು ಬಡಿಯುವುದು ನಮಗೂ ಬೇಕು. ಇವತ್ತೇ ಪಕ್ಕದ ಮನೆಯವರಿಗೆ ಹೇಳುತ್ತೇನೆ.

ಅಂಗನವಾಡಿ ಅಕ್ಕ
1098 ಬಗ್ಗೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಅದು ಮಕ್ಕಳದೇ ನಂಬರು. 1996ರಲ್ಲಿ ಮುಂಬೈಯಲ್ಲಿ ಬೀದಿ ಮಕ್ಕಳಿಗಾಗಿ ಶುರುವಾದದ್ದು. ಹತ್ತು, ಒಂಬತ್ತು, ಎಂಟು ಎಂದು ಹಿಂದಕ್ಕೆ ಎಣಿಸಿದರೆ ಆಯಿತು. ನಮ್ಮ ಪುಟಾಣಿಗಳು ರಾಕೆಟ್ ನಂಬರ್ ಅನ್ನುತ್ತವೆ. 2023ರಿಂದ ಸರ್ಕಾರವೇ ನಡೆಸುತ್ತಿದೆ, 112ಕ್ಕೂ ಜೋಡಿಸಿದ್ದಾರೆ.

ಅಜ್ಜಿ ಬಿದ್ದರೆ ಮಗು ಅಮ್ಮನಿಗೆ ಹೇಳುತ್ತದೆ. ಮನೆಯೊಳಗಿನವರೇ ತೊಂದರೆ ಕೊಟ್ಟರೆ? ಹೊಡೆದರೆ, ಮುಟ್ಟಬಾರದ ಕಡೆ ಮುಟ್ಟಿದರೆ, ಓದು ಬಿಡಿಸಿ ಮದುವೆ ಮಾಡಲು ಹೊರಟರೆ? ಆಗ ಯಾರಿಗೆ ಹೇಳಬೇಕು? ಅದಕ್ಕೆ ಈ ನಂಬರು.

ಪೆನ್ಷನ್ ತಾತ
ಇದನ್ನೆಲ್ಲ ಕಲಿಸಿದರೆ ನಾಳೆ ಹೋಮ್‌ವರ್ಕ್ ಮಾಡು ಎಂದು ಗದರಿದ್ದಕ್ಕೂ ದೂರು ಕೊಡುತ್ತಾರೆ.

ಅಂಗನವಾಡಿ ಅಕ್ಕ
ಕೊಡಲಿ ತಾತ. ಆ ಕಡೆ ಇರುವವರಿಗೆ ಹೋಮ್‌ವರ್ಕ್ ಯಾವುದು, ಹೊಡೆತ ಯಾವುದು ಎಂದು ಗೊತ್ತಾಗುತ್ತದೆ. ನಮ್ಮ ಊರಿನಲ್ಲಿ ಒಂಬತ್ತನೇ ಕ್ಲಾಸ್ ಹುಡುಗಿಯೊಬ್ಬಳ ಮದುವೆ ನಿಂತದ್ದು ಅವಳ ಗೆಳತಿ ಮಾಡಿದ ಕರೆಯಿಂದ. ಚಪ್ಪರ ಹಾಕಿ ಆಗಿತ್ತು. ಕರೆ ಮಾಡಿದ್ದು ಯಾರೆಂದು ಇವತ್ತಿಗೂ ಊರಿಗೆ ಗೊತ್ತಿಲ್ಲ. ನನಗೆ ಗೊತ್ತು. ಆ ಮದುವೆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ.

ಪೆನ್ಷನ್ ತಾತ
ನನ್ನ ಮಾತು ವಾಪಸ್ ತೆಗೆದುಕೊಂಡೆ ತಾಯಿ.

ದಡ್ಡ ಶಿಖಾಮಣಿ
ನನಗೊಂದು ಐಡಿಯಾ. ಎಲ್ಲರೂ ಮಕ್ಕಳ ಕೈಯಲ್ಲಿ ನಿಜವಾಗಿಯೇ 112ಕ್ಕೆ ಒಂದು ಸಲ ಮಾಡಿಸಿಬಿಟ್ಟರೆ ಭಯ ಹೋಗುತ್ತಲ್ಲ?

ಹೆಡ್‌ಸೆಟ್ ಹಳಬ
ಬೇಡ ಸ್ವಾಮಿ. ನಿಮ್ಮ ಮಗು "ನಮಸ್ಕಾರ ಅಂಕಲ್, ಸುಮ್ನೆ ಮಾಡಿದೆ" ಎನ್ನುವಾಗ ಆ ಲೈನಿಗೆ ಇನ್ನೊಬ್ಬರು ಕಾಯುತ್ತಿರುತ್ತಾರೆ. ಫೋನಿನಲ್ಲಿ ಕ್ಯಾಲ್ಕುಲೇಟರ್ ತೆಗೆದುಕೊಡಿ, ಅದರ ಮೇಲೆ 112 ಒತ್ತಲಿ. ಪಕ್ಕದ ಕೋಣೆಯಿಂದ ನೀವು ಆಪರೇಟರ್ ಆಗಿ ಕೇಳಿ. ಮುಖ ಕಾಣಬಾರದು. ಮುಖ ಕಂಡರೆ ಮಗು ತಲೆಯಾಡಿಸಿ ಉತ್ತರ ಕೊಡುತ್ತದೆ, ಫೋನಿನಲ್ಲಿ ತಲೆಯಾಡಿಸಿದ್ದು ಕಾಣುವುದಿಲ್ಲ.

ಎರಡನೇ ಕ್ಲಾಸ್ ಮೇಷ್ಟ್ರು
ತಲೆಯಾಡಿಸುವ ವಿಷಯ ನನಗೆ ಹೊಳೆದೇ ಇರಲಿಲ್ಲ. ಸೋಮವಾರದಿಂದ ಬೆನ್ನು ತಿರುಗಿಸಿ ನಿಲ್ಲುತ್ತೇನೆ.

ಮೈಕ್ರೋ ಮಂಜಿ
ಅಮ್ಮನ ನಂಬರಿಗೆ ರಾಗ ಹಾಕಿದ್ದೇನೆ. ಹತ್ತು ಅಂಕಿ, ಲಾಲಿ ಹಾಡಿನ ದಾಟಿ. ಎರಡು ದಿನದಲ್ಲಿ ಬಂತು. ಈಗ ಬಸ್ಸಿನಲ್ಲೂ ಜೋರಾಗಿ ಹಾಡುತ್ತಾನೆ. ಇಡೀ ಬಸ್ಸಿಗೆ ನನ್ನ ನಂಬರ್ ಗೊತ್ತಾಗಿದೆ 🤦‍♀️

ಸೀಗೆಕಾಯಿ
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಭಾನುವಾರ ನಾಟಕ ಆಡಿದೆವು.

ಮೊದಲು ಅವಳನ್ನು ಕೂರಿಸಿಕೊಂಡು ಹೇಳಿದೆ. ಫೋನ್ ಮುಟ್ಟಬೇಡ, ಬಾಗಿಲು ತೆಗೆಯಬೇಡ ಎಂದು ಅಮ್ಮ ಹೇಳಿದ್ದು ಬೇರೆ ದಿನಗಳಿಗೆ. ದೊಡ್ಡವರು ಕರೆದರೆ ಏಳದಿದ್ದಾಗ, ರಕ್ತ ಬಂದಾಗ, ಬೆಂಕಿ ಕಂಡಾಗ ಆ ಮಾತುಗಳೆಲ್ಲ ಕ್ಯಾನ್ಸಲ್. ಏನೂ ಆಗದೆ ಸುಮ್ಮನೆ ಫೋನ್ ಮಾಡಿಬಿಟ್ಟಿದ್ದರೂ ಬೈಯುವುದಿಲ್ಲ ಎಂದೆ. "ಪ್ರಾಮಿಸ್?" ಎಂದು ಮೂರು ಸಲ ಕೇಳಿದಳು. ಅಪ್ಪನಿಂದಲೂ ಪ್ರಾಮಿಸ್ ತೆಗೆದುಕೊಂಡಳು.

ಆಮೇಲೆ ನಮ್ಮವರು ಸೋಫಾ ಮೇಲೆ ಬಿದ್ದರು. ಅವರಿಗೆ ಆ ಪಾತ್ರಕ್ಕೆ ತರಬೇತಿ ಬೇಕಿರಲಿಲ್ಲ, ಪ್ರತಿ ಭಾನುವಾರ ಅದನ್ನೇ ಮಾಡುತ್ತಾರೆ. ಇವಳು ಹೋಗಿ ಭುಜ ಅಲ್ಲಾಡಿಸಿದಳು. "ಅಪ್ಪಾ, ನಿಜವಾಗ್ಲೂ ಬಿದ್ದಿದ್ದೀಯಾ, ನಾಟಕದ್ದಾ?" ಎಂದು ಕಿವಿಯಲ್ಲಿ ಕೇಳಿದಳು. ಕ್ಯಾಲ್ಕುಲೇಟರಿನಲ್ಲಿ 112 ಒತ್ತಿದಳು. ನಾನು ಕೋಣೆಯೊಳಗಿಂದ ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳಿದೆ. ಬಡಾವಣೆ, ಅಡ್ಡರಸ್ತೆ, ಗಣಪತಿ ದೇವಸ್ಥಾನದ ಎದುರು, ಮೂರನೇ ಮಹಡಿ ಎಂದು ಗಡಗಡ ಹೇಳಿದಳು. "ಲಿಫ್ಟ್ ಕೆಟ್ಟಿದೆ, ಮೆಟ್ಟಿಲಲ್ಲಿ ಬನ್ನಿ" ಎಂದು ಅವಳೇ ಸೇರಿಸಿದಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಉಸಿರಾಡುತ್ತಿದ್ದಾರಾ ಎಂದೆ. "ಗೊರಕೆ ಹೊಡೀತಿದ್ದಾರೆ" ಅಂದಳು. ಹೋಗಿ ನೋಡಿದರೆ ನಿಜವಾಗಿಯೂ ನಿದ್ದೆ ಹೋಗಿದ್ದರು.

ಅತ್ತೆ ಅಷ್ಟೂ ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಹೋಗಿ ತಮ್ಮ ಫೋನಿನ ಪ್ಯಾಟರ್ನ್ ತೆಗೆಸಿದರು. ಇನ್ನು ಮೇಲೆ ಗುರುವಾರ ಮಾತ್ರೆಗೆ ಮೊದಲು ಎರಡು ಬಾಳೆಹಣ್ಣು, ರಾಯರು ಏನೂ ಅಂದುಕೊಳ್ಳುವುದಿಲ್ಲ ಎಂದರು.

ನರ್ಸಮ್ಮ
ಬಾಳೆಹಣ್ಣು ಸರಿ. ಆದರೆ ಒಪ್ಪೊತ್ತಿನ ದಿನ ಮಾತ್ರೆ ಎಷ್ಟು ತೆಗೆದುಕೊಳ್ಳಬೇಕು ಎಂದು ಡಾಕ್ಟರನ್ನೇ ಕೇಳಿ. ರಾಯರನ್ನಲ್ಲ.

ಕೊಂಕು ಮಾತು
ಲಿಫ್ಟ್ ಕೆಟ್ಟಿದೆ ಎಂದು ಹೇಳಿದಳಲ್ಲ, ಮಗು ಭೇಷ್. ನಂಬರು, ವಿಳಾಸ ಬರೆದ ಚೀಟಿ ಎಲ್ಲಾದರೂ ಅಂಟಿಸಿದ್ದೀರಾ?

ಸೀಗೆಕಾಯಿ
ಹೌದು, ಫ್ರಿಜ್ ಮೇಲೆ. ದೊಡ್ಡ ಅಕ್ಷರದಲ್ಲಿ, ಕೆಂಪು ಸ್ಕೆಚ್ ಪೆನ್ನಿನಲ್ಲಿ.

ಕೊಂಕು ಮಾತು
ಎಷ್ಟು ಎತ್ತರದಲ್ಲಿ?

ಸೀಗೆಕಾಯಿ
…ಕಿತ್ತು ಎರಡು ಅಡಿ ಕೆಳಗೆ ಅಂಟಿಸಿ ಬಂದೆ.